ಕೈ ಬಿಟ್ಟರೂ ಬೀಳದ ವಿಮಾನ

ಒಂಬತ್ತನೇ ತರಗತಿಯ ವಿಜ್ಞಾನದಲ್ಲಿ ಬಲ ಮತ್ತು ಚಲನೆಯ ನಿಯಮಗಳ ಘಟಕವನ್ನು ಬೋಧಿಸಲು ಹೊರಟ ಪ್ರಶಿಕ್ಷಣಾರ್ಥಿಗಳೆಲ್ಲರಿಗೂ ಒಂದು ತೊಡಕು ಎದುರಾಗುತ್ತದೆ. ಸಂತುಲಿತ ಬಲಗಳನ್ನು ವಿವರಿಸಲು ನಾವು ಹಗ್ಗಜಗ್ಗಾಟವನ್ನೋ, ಮೇಜಿನ ಮೇಲಿಟ್ಟ ಪುಸ್ತಕವನ್ನೋ ಉದಾಹರಣೆಯಾಗಿ ಕೊಡುತ್ತೇವೆ. ಎರಡರಲ್ಲೂ ವಸ್ತು ನಿಂತಲ್ಲೇ ನಿಂತಿರುತ್ತದೆ. ಹಾಗಾಗಿ ಮಕ್ಕಳು ಬಲಗಳು ಸಮವಾದರೆ ವಸ್ತು ನಿಲ್ಲುತ್ತದೆ, ಚಲಿಸುತ್ತಿದ್ದರೆ ಯಾವುದೋ ಒಂದು ಬಲ ಗೆದ್ದಿರಬೇಕು ಎಂದು ತಿಳಿದುಕೊಳ್ಳುತ್ತಾರೆ. ನ್ಯೂಟನ್ನನ ಮೊದಲ ನಿಯಮವನ್ನು ಬಾಯಿಪಾಠ ಒಪ್ಪಿಸಿದ ಮೇಲೂ ಈ ತಿಳಿವಳಿಕೆ ಕದಲುವುದಿಲ್ಲ. ಒಂದೇ ವೇಗದಲ್ಲಿ ನೇರವಾಗಿ ಸಾಗುವ ವಸ್ತುವಿನ ಮೇಲೂ ಒಟ್ಟು ಬಲ ಸೊನ್ನೆ ಎಂಬುದನ್ನು ಅವರು ಬರೆಯುತ್ತಾರೆ, ನಂಬುವುದಿಲ್ಲ.

ಈ ನಂಬಿಕೆಯನ್ನು ಮುಟ್ಟುವ ಉದಾಹರಣೆಗಾಗಿ ಹುಡುಕುವಾಗ ಸಿಕ್ಕಿದ್ದು, ಗಂಟೆಗೆ 600 ಕಿಲೋಮೀಟರ್ ವೇಗದಲ್ಲಿ ಮಟ್ಟವಾಗಿ ಹಾರುವ ಯುದ್ಧವಿಮಾನ. ಅಷ್ಟು ವೇಗದಲ್ಲಿ ಹೋಗುತ್ತಿದ್ದರೂ ಅದರ ಮೇಲಿನ ಬಲಗಳ ಮೊತ್ತ ಸೊನ್ನೆ. ರೆಕ್ಕೆಯ ಮೇಲೆತ್ತುವ ಬಲ ತೂಕಕ್ಕೆ ಸಮ, ಎಂಜಿನ್ನಿನ ನೂಕುಬಲ ಗಾಳಿಯ ಎಳೆತಕ್ಕೆ ಸಮ. ಆ ಸಮತೋಲವನ್ನು ಮಕ್ಕಳು ತಮ್ಮ ಕೈಯಾರೆ ಹೊಂದಿಸಿ ನೋಡಲಿ ಎಂದುಕೊಂಡು ಇಂಟರ್ನ್‌ಶಿಪ್ಪಿನ ಎಂಟನೇ ವಾರದಲ್ಲಿ ಎರಡು ಅವಧಿಗಳ ಪಾಠವನ್ನು ಯೋಜಿಸಿದೆ. ಆ ಪಾಠದಲ್ಲಿ ನಡೆದದ್ದನ್ನು, ಮುಂದೆ ಇದೇ ಘಟಕವನ್ನು ತೆಗೆದುಕೊಳ್ಳುವವರಿಗೆ ಉಪಯೋಗವಾಗಬಹುದೆಂದು ಇಲ್ಲಿ ಬರೆಯುತ್ತಿದ್ದೇನೆ.

ಶಾಲೆ ಇರುವುದು ಗರುಡಾಚಾರ್‌ಪಾಳ್ಯದಲ್ಲಿ. 2023ರ ಮಾರ್ಚ್ 25ರಂದು ಕೆ.ಆರ್.ಪುರದಿಂದ ವೈಟ್‌ಫೀಲ್ಡಿನ ಕಡೆಗೆ ನೇರಳೆ ಮಾರ್ಗದ ಮೆಟ್ರೋ ಆರಂಭವಾದ ಮೇಲೆ ಈ ಹೆಸರು ಊರಿಗೆಲ್ಲ ಕೇಳುವಂತಾಯಿತು. ಸಿಂಗಯ್ಯನಪಾಳ್ಯ ಆದ ಮೇಲೆ, ಹೂಡಿಗಿಂತ ಮೊದಲಿನ ನಿಲ್ದಾಣ ಇದು. ತರಗತಿಯಲ್ಲಿ ಕೂತವರ ಮನೆಮಾತುಗಳನ್ನು ಕೇಳಿದರೆ ಕನ್ನಡ, ತೆಲುಗು, ತಮಿಳು, ಉರ್ದು, ಹಿಂದಿ ಎಲ್ಲವೂ ಬರುತ್ತವೆ. ಕೆಲವರ ಅಮ್ಮಂದಿರು ಗಾರ್ಮೆಂಟ್ಸಿಗೆ ಹೋಗುತ್ತಾರೆ, ಕೆಲವರ ತಂದೆಯರು ಟೆಕ್ ಪಾರ್ಕುಗಳ ಗೇಟಿನಲ್ಲಿ ಸೆಕ್ಯುರಿಟಿ. ಯಾದಗಿರಿ, ರಾಯಚೂರು ಕಡೆಯಿಂದ ಕಟ್ಟಡದ ಕೆಲಸಕ್ಕೆ ಬಂದವರ ಮಕ್ಕಳೂ ಇದ್ದಾರೆ. ಎಚ್‌ಎಎಲ್ ವಿಮಾನ ನಿಲ್ದಾಣ ಇಲ್ಲಿಂದ ದೂರವಿಲ್ಲ. ಪ್ರಯಾಣಿಕರ ವಿಮಾನಗಳು 2008ರ ಮೇ ತಿಂಗಳಲ್ಲಿ ದೇವನಹಳ್ಳಿಗೆ ಹೋದವು. ಆದರೆ ಯುದ್ಧವಿಮಾನದ ಗುಡುಗು ಕೇಳಿದರೆ ಈಗಲೂ ಇಡೀ ತರಗತಿ ಕಿಟಕಿಯ ಕಡೆ ತಿರುಗುತ್ತದೆ. ನಾನು ಮಾಡಿದ್ದು, ಆ ತಿರುಗಿದ ಗಮನವನ್ನು ಪಾಠದೊಳಕ್ಕೆ ತೆಗೆದುಕೊಂಡದ್ದು ಅಷ್ಟೇ.

ಯಾವ ವಿಮಾನ ಎಂಬ ಪ್ರಶ್ನೆಗೆ ಮಕ್ಕಳಿಂದ ಒಂದೇ ಉತ್ತರ: ತೇಜಸ್. ಅದಕ್ಕೆ ಕಾರಣವೂ ಇದೆ. ತೇಜಸ್ ಮೊದಲ ಬಾರಿ ಹಾರಿದ್ದು ಇದೇ ಬೆಂಗಳೂರಿನಲ್ಲಿ, 2001ರ ಜನವರಿ 4ರಂದು, ವಿಂಗ್ ಕಮಾಂಡರ್ ರಾಜೀವ್ ಕೋಠಿಯಾಲ್ ಅವರ ಕೈಯಲ್ಲಿ. ಆದರೆ ನನ್ನ ಪಾಠಕ್ಕೆ ತೇಜಸ್ ಒಗ್ಗುತ್ತಿರಲಿಲ್ಲ. ಅದು ಹಿಂದೆ ಅಡ್ಡಬಾಲವಿಲ್ಲದ ತ್ರಿಕೋನ ರೆಕ್ಕೆಯ ವಿಮಾನ. ಚುರುಕಾಗಿ ತಿರುಗಲೆಂದು ಅದನ್ನು ಬೇಕೆಂದೇ ಅಸ್ಥಿರವಾಗಿ ವಿನ್ಯಾಸ ಮಾಡಿದ್ದಾರೆ. ನಾಲ್ಕು ಸಮಾನಾಂತರ ವಾಹಿನಿಗಳ ಡಿಜಿಟಲ್ ನಿಯಂತ್ರಣ ವ್ಯವಸ್ಥೆ ಕ್ಷಣಕ್ಷಣವೂ ರೆಕ್ಕೆಯ ಹಿಂಬದಿಯ ಹಲಗೆಗಳನ್ನು ಕದಲಿಸುತ್ತಾ ಅದನ್ನು ನೆಟ್ಟಗಿಡುತ್ತದೆ. ಅಂಥ ವಿಮಾನದಲ್ಲಿ ಪೈಲಟ್‌ನ ಕೈಗೆ ಬರುವ ಮೊದಲೇ ಬಹುಪಾಲು ಕೆಲಸವನ್ನು ಕಂಪ್ಯೂಟರು ಮುಗಿಸಿರುತ್ತದೆ. ನನಗೆ ಬೇಕಿದ್ದದ್ದು ಮನುಷ್ಯನ ಕೈಗೆ ಕೆಲಸ ಉಳಿಸುವ ವಿಮಾನ. ಉಚಿತವಾಗಿ ಸಿಗುವ ಫ್ಲೈಟ್‌ಗೇರ್ ಎಂಬ ಸಿಮ್ಯುಲೇಟರಿನಲ್ಲಿ ಮಿಗ್-21 ಇದೆ. ಅದನ್ನು ಆರಿಸಿಕೊಳ್ಳಲು ಇನ್ನೊಂದು ಕಾರಣವೂ ಇತ್ತು. ಮಿಗ್ ರಷ್ಯಾದ ವಿನ್ಯಾಸ, ಹಾಗಾಗಿ ಅದರ ಮಾಪಕಗಳು ಅಡಿ, ನಾಟ್‌ಗಳಲ್ಲಿರದೆ ಮೀಟರ್, ಕಿಲೋಮೀಟರ್‌ಗಳಲ್ಲಿವೆ. ಮಕ್ಕಳು ಪಠ್ಯದಲ್ಲಿ ಬಳಸುವ ಮಾನಗಳನ್ನೇ ಪರದೆಯಲ್ಲೂ ಓದಬಹುದು. ಆ ವಿಮಾನ ನಮ್ಮ ವಾಯುಪಡೆಯಿಂದ 2025ರ ಸೆಪ್ಟೆಂಬರ್ 26ರಂದು ನಿವೃತ್ತಿಯಾದ ಸುದ್ದಿಯನ್ನು ಕೆಲವರು ಟೀವಿಯಲ್ಲಿ ನೋಡಿದ್ದರು.

ಮೊದಲ ಅವಧಿಯಲ್ಲಿ ಲ್ಯಾಪ್‌ಟಾಪನ್ನು ಚೀಲದಿಂದ ಹೊರಗೆ ತೆಗೆಯಲಿಲ್ಲ. ಕಪ್ಪುಹಲಗೆಯ ಮೇಲೆ 'ಟ್ರಿಮ್' ಎಂದು ಬರೆದು, ಈ ಪದವನ್ನು ಎಲ್ಲಿ ಕೇಳಿದ್ದೀರಿ ಎಂದು ಕೇಳಿದೆ. ಹುಡುಗರೆಲ್ಲ ಒಟ್ಟಿಗೆ ಗಡ್ಡ ಸವರಿಕೊಂಡು ನಕ್ಕರು. ಸಲೂನಿನ ಟ್ರಿಮ್ ಬೇರೆ, ವಿಮಾನದ ಟ್ರಿಮ್ ಬೇರೆ ಎಂದೆ. ಇದು ಮೂಲದಲ್ಲಿ ಹಡಗಿನವರ ಮಾತು. ಹಡಗಿನಲ್ಲಿ ಸರಕನ್ನು ಹಿಂದುಮುಂದೆ ಸರಿಸಿ ಅದು ಮಟ್ಟವಾಗಿ ತೇಲುವಂತೆ ಮಾಡುವುದಕ್ಕೆ ಹೀಗೆನ್ನುತ್ತಿದ್ದರು. ವಿಮಾನದಲ್ಲಿ ಅದೇ ಕೆಲಸವನ್ನು ಸರಕಿನ ಬದಲು ಬಾಲ ಮಾಡುತ್ತದೆ.

ಆಮೇಲೆ ಒಂದು ಮೀಟರ್ ಉದ್ದದ ಮರದ ಅಳತೆಪಟ್ಟಿಯನ್ನು ನಡುವೆ ನೂಲು ಕಟ್ಟಿ ತೂಗುಹಾಕಿದೆವು. ನೂಲು ಕಟ್ಟಿದ ಜಾಗ ವಿಮಾನದ ಗುರುತ್ವ ಕೇಂದ್ರ, ಒಂದು ತುದಿ ಮೂತಿ, ಇನ್ನೊಂದು ಬಾಲ. ಮೂತಿಯ ಕಡೆ, ನಡುವಿನಿಂದ 10 ಸೆಂಟಿಮೀಟರ್ ದೂರದಲ್ಲಿ ಒಂದೇ ಬಗೆಯ ನಾಲ್ಕು ನಾಣ್ಯಗಳನ್ನು ಅಂಟಿಸಿದಾಗ ಮೂತಿ ಕೆಳಗೆ ಬಾಗಿತು. ಒಬ್ಬ ಹುಡುಗಿ ಬಾಲದ ಕಡೆ 40 ಸೆಂಟಿಮೀಟರಿನಲ್ಲಿ ಬೆರಳಿಟ್ಟು ಒತ್ತಿ ಪಟ್ಟಿಯನ್ನು ಮಟ್ಟಕ್ಕೆ ತಂದಳು. ಹಾಗೇ ಹಿಡಿದುಕೊಂಡಿರು ಎಂದು ಹೇಳಿ ನಾನು ಹಲಗೆಯ ಮೇಲೆ ಚಿತ್ರ ಬರೆಯತೊಡಗಿದೆ. ಎರಡು ನಿಮಿಷವಾಗುವಷ್ಟರಲ್ಲಿ ಅವಳ ಬೆರಳು ನಡುಗಿತು, ಪಟ್ಟಿಯೂ ನಡುಗಿತು. ಬಲ ಬಹಳ ಚಿಕ್ಕದು, ಆದರೆ ಎಡೆಬಿಡದೆ ಕೊಡಬೇಕು. ಒಂದು ತಾಸು ಹೀಗೇ ಕೋಲು ಹಿಡಿದಿರಬೇಕಾದ ಪೈಲಟ್‌ನ ಗತಿ ಏನು ಎಂದು ಕೇಳಿದೆ.

ಪಕ್ಕದ ಗುಂಪಿನವರು ಅವಳ ಬೆರಳಿದ್ದ ಜಾಗದಲ್ಲಿ ಒಂದೇ ಒಂದು ನಾಣ್ಯ ಇಟ್ಟರು. ಪಟ್ಟಿ ಮಟ್ಟವಾಗಿ ನಿಂತಿತು. ಅವಳು ಬೆರಳು ತೆಗೆದು ಕೈ ಜಾಡಿಸಿಕೊಂಡಳು. ಒಂದು ನಾಣ್ಯ ನಾಲ್ಕನ್ನು ಹೇಗೆ ಹಿಡಿದು ನಿಲ್ಲಿಸಿತು ಎಂಬುದನ್ನು ಮಕ್ಕಳೇ ಲೆಕ್ಕ ಹಾಕಿದರು: ನಾಲ್ಕು ಗುಣಿಸು 10, ಒಂದು ಗುಣಿಸು 40. ವಿಮಾನದ ಬಾಲವನ್ನು ಅಷ್ಟು ದೂರದಲ್ಲಿ ಇಡುವುದು ಇದಕ್ಕೇ, ದೂರವಿದ್ದಷ್ಟೂ ಚಿಕ್ಕ ಬಲ ಸಾಕು. ಆಮೇಲೆ ಮೂತಿಯ ನಾಲ್ಕು ನಾಣ್ಯಗಳನ್ನು 5 ಸೆಂಟಿಮೀಟರಿಗೆ ಸರಿಸಿದೆ. ಈಗ ಬಾಲ ಕುಸಿಯಿತು. ಬಾಲದ ನಾಣ್ಯವನ್ನು 20ಕ್ಕೆ ತಂದ ಮೇಲಷ್ಟೇ ಪಟ್ಟಿ ಮತ್ತೆ ಮಟ್ಟವಾಯಿತು. ಒಮ್ಮೆ ಹೊಂದಿಸಿದ ಸಮತೋಲ ಎಲ್ಲ ಕಾಲಕ್ಕೂ ನಡೆಯುವುದಿಲ್ಲ, ಪರಿಸ್ಥಿತಿ ಬದಲಾದರೆ ಮತ್ತೆ ಹೊಂದಿಸಬೇಕು ಎಂಬುದು ಆ ಅವಧಿಯ ಕೊನೆಯ ಕಲಿಕಾಂಶ.

ಇದನ್ನು ಕಡೆಯ ಬೆಂಚಿನಿಂದ ಒಬ್ಬ ಹುಡುಗ ನೋಡುತ್ತಿದ್ದ. ಯಾದಗಿರಿ ಕಡೆಯವನು, ಸೇರಿ ನಾಲ್ಕು ತಿಂಗಳಾಗಿತ್ತು. ಅವನು ಬಾಯಿ ಬಿಟ್ಟಾಗಲೆಲ್ಲ ಮಾತಿನ ಕೊನೆಯ 'ರೀ'ಗೆ ಉಳಿದವರು ನಗುತ್ತಿದ್ದರಿಂದ ಅವನು ಉತ್ತರ ಕೊಡುವುದನ್ನೇ ಬಿಟ್ಟಿದ್ದ. ಹಾಜರಿಯಲ್ಲಿ ವಾರಕ್ಕೆ ಎರಡು ದಿನವಾದರೂ ಗೈರು. ಅವತ್ತು ಪಟ್ಟಿ ಮಟ್ಟವಾದ ಕೂಡಲೇ ಅವನು ಪಕ್ಕದವನಿಗೆ ಮೆಲ್ಲಗೆ ಏನೋ ಹೇಳಿದ. ಎಲ್ಲರಿಗೂ ಕೇಳುವಂತೆ ಹೇಳಪ್ಪಾ ಎಂದೆ. ಸ್ವಲ್ಪ ಹೊತ್ತು ತಲೆ ತಗ್ಗಿಸಿಕೊಂಡಿದ್ದು, ನಂತರ ಹೇಳಿದ:

"ನಮ್ಮ ಬಂಡಿ ಹಂಗ ಅದರೀ ಮಿಸ್. ಹಿಂದ್ಕ ಭಾರ ಆದ್ರ ನೊಗ ಮ್ಯಾಲ ಏಳ್ತದ, ಎತ್ತಿನ ಕೊಳ್ಳಾಗಿನ ಹಗ್ಗ ಬಿಗೀತದ. ಮುಂದ್ಕ ಭಾರ ಆದ್ರ ಎಲ್ಲಾ ಹೆಗಲ ಮ್ಯಾಲ ಕುಂದರ್ತದ. ಹೇರೋ ಮುಂದ ನೋಡಿ ಹೇರ್ಬೇಕ್ರೀ."

ಯಾರೋ ಒಬ್ಬರು ನಕ್ಕರು. ನಾನು ನಗುವಿನ ಕಡೆ ತಿರುಗದೆ ಅವನನ್ನೇ ಮುಂದಿನ ಪ್ರಶ್ನೆ ಕೇಳಿದೆ: ಏರು ಬಂದರೆ ಏನು ಮಾಡುತ್ತೀರಿ?

"ಏರು ಬಂದ್ರ ನಮ್ಮಪ್ಪ ಮುಂದ ಬಂದು ಕುಂದರ್ತಾನ್ರೀ. ಇಳಿಜಾರಾದ್ರ ಹಿಂದ ಸರೀತಾನ."

ನಾನು ಹಲಗೆಯ ಮೇಲೆ 'ಟ್ರಿಮ್' ಎಂದಿದ್ದಲ್ಲಿ ಅದರ ಕೆಳಗೆ 'ಮುಂಭಾರ, ಹಿಂಭಾರ' ಎಂದು ಬರೆದೆ. ಅಳತೆಪಟ್ಟಿಯಲ್ಲಿ ನಾವು ಹೊಂದಿಸಿದ್ದು ನಿಂತ ಬಂಡಿಯನ್ನು, ಆದರೆ ಅವನು ಹೇಳಿದ್ದು ಹೋಗುತ್ತಿರುವ ಬಂಡಿಯ ಮಾತು. ದಾರಿ ಬದಲಾದಂತೆ ಮನುಷ್ಯ ತಾನೇ ಸರಿದು ಕೂತು ಭಾರ ಹೊಂದಿಸುತ್ತಾನೆ. ಶಬ್ದಕ್ಕಿಂತ ವೇಗವಾಗಿ ಹಾರುತ್ತಿದ್ದ ಕಾಂಕಾರ್ಡ್ ವಿಮಾನ ಮಾಡುತ್ತಿದ್ದದ್ದೂ ಇದನ್ನೇ. ಶಬ್ದದ ವೇಗವನ್ನು ದಾಟುವಾಗ ರೆಕ್ಕೆಯ ಮೇಲೆತ್ತುವ ಬಲದ ಕೇಂದ್ರ ಹಿಂದಕ್ಕೆ ಸರಿಯುತ್ತದೆ, ಮೂತಿ ಕೆಳಗೆ ಬಾಗಲು ನೋಡುತ್ತದೆ. ಅದಕ್ಕಾಗಿ ಅವರು ಇಂಧನವನ್ನೇ ಮುಂದಿನ ತೊಟ್ಟಿಗಳಿಂದ ಹಿಂದಿನ ತೊಟ್ಟಿಗೆ ಪಂಪ್ ಮಾಡುತ್ತಿದ್ದರು, ಇಳಿಯುವ ಮೊದಲು ವೇಗ ತಗ್ಗಿದಾಗ ಮತ್ತೆ ಮುಂದಕ್ಕೆ. ಇದನ್ನು ಹೇಳಿದಾಗ ಆ ಹುಡುಗ, "ನಮ್ಮಪ್ಪ ಪೆಟ್ರೋಲ್ ಆಗ್ಯಾನ್ರೀ ಹಂಗಾದ್ರ" ಎಂದ. ಈ ಸಲ ತರಗತಿಯೆಲ್ಲ ನಕ್ಕಿತು, ಅವನೂ ನಕ್ಕ.

ಎರಡನೇ ಅವಧಿ ಸಿಮ್ಯುಲೇಟರಿನದು. ಲ್ಯಾಪ್‌ಟಾಪನ್ನು ತರಗತಿಯ ಟೀವಿಗೆ ಜೋಡಿಸಿ, ಕಡ ತಂದ ಒಂದು ಜಾಯ್‌ಸ್ಟಿಕ್ಕನ್ನು ಮೇಜಿನ ಮೇಲಿಟ್ಟೆ. ವಿಮಾನವನ್ನು ನೆಲದಿಂದ ಎಬ್ಬಿಸುವ ಗೋಜಿಗೆ ಹೋಗದೆ, 3000 ಮೀಟರ್ ಎತ್ತರದಲ್ಲಿ, ಗಂಟೆಗೆ 600 ಕಿಲೋಮೀಟರ್ ವೇಗದಲ್ಲಿ ಹಾರುತ್ತಿರುವಂತೆಯೇ ಶುರುಮಾಡಿದೆ. ಕೋಲು ಒಬ್ಬರ ಕೈಯಲ್ಲಿ, ಟ್ರಿಮ್‌ನ ಎರಡು ಕೀಲಿ, ಅಂದರೆ ಹೋಮ್ ಮತ್ತು ಎಂಡ್, ಇನ್ನೊಬ್ಬರ ಬೆರಳಿನಲ್ಲಿ. ಮೂರನೆಯವರು ಹತ್ತು ಸೆಕೆಂಡಿಗೊಮ್ಮೆ ಎತ್ತರವನ್ನು ಕೂಗಬೇಕು, ನಾಲ್ಕನೆಯವರು ಅದನ್ನು ಹಲಗೆಯ ಮೇಲೆ ಬರೆಯಬೇಕು. ಉಳಿದವರು ಮುಂದೇನಾಗುತ್ತದೆ ಎಂಬುದನ್ನು ನೋಟ್‌ಬುಕ್ಕಿನಲ್ಲಿ ಮೊದಲೇ ಬರೆದಿಟ್ಟಿರಬೇಕು. ಒಂದೇ ಕೋಲಿದ್ದರೂ ಕೆಲಸವಿಲ್ಲದ ಕೈ ಇರಬಾರದೆಂಬುದು ಇದರ ಉದ್ದೇಶ.

ಪೈಲಟ್‌ಗಳು ಅನುಸರಿಸುವ ಕ್ರಮವನ್ನು ಹಲಗೆಯ ಮೂಲೆಯಲ್ಲಿ ಬರೆದಿದ್ದೆ. ಮೊದಲು ಕೋಲಿನಿಂದ ಮೂತಿಯನ್ನು ಕ್ಷಿತಿಜಕ್ಕೆ ಸರಿಯಾಗಿ ಇಟ್ಟು ಹಿಡಿ. ಆಮೇಲೆ ಎಂಜಿನ್ನಿನ ಶಕ್ತಿಯನ್ನು ಬೇಕಾದಷ್ಟಕ್ಕೆ ತಂದು ನಿಲ್ಲಿಸು. ವೇಗ ಒಂದು ಕಡೆ ನಿಲ್ಲುವವರೆಗೆ ಕಾಯಿ. ಅಷ್ಟಾದ ಮೇಲೆ ಟ್ರಿಮ್ ಮಾಡಿ ಕೈಗೆ ತಾಗುವ ಒತ್ತಡವನ್ನು ಇಲ್ಲವಾಗಿಸು. ಟ್ರಿಮ್ ಇರುವುದು ವಿಮಾನ ಓಡಿಸಲಿಕ್ಕಲ್ಲ. ಕೈ ಈಗಾಗಲೇ ಹೊತ್ತಿರುವ ಭಾರವನ್ನು ಇಳಿಸಿಕೊಳ್ಳುವುದಕ್ಕೆ ಮಾತ್ರ. ವೇಗ ಏರುತ್ತಲೋ ಇಳಿಯುತ್ತಲೋ ಇರುವಾಗಲೇ ಟ್ರಿಮ್ ಮಾಡಲು ಹೋದರೆ ಆ ಕೆಲಸ ಮುಗಿಯುವುದೇ ಇಲ್ಲ. ಮೇಲೆತ್ತುವ ಬಲ ವೇಗದ ವರ್ಗಕ್ಕೆ ತಕ್ಕಂತೆ ಬದಲಾಗುತ್ತದೆ. ವೇಗ 400ರಿಂದ 600ಕ್ಕೆ ಏರಿದರೆ ಒಂದೂವರೆ ಪಟ್ಟಾಯಿತು, ಬಾಗು ಅಷ್ಟೇ ಇದ್ದರೆ ಮೇಲೆತ್ತುವ ಬಲ ಎರಡೂಕಾಲು ಪಟ್ಟಾಗುತ್ತದೆ. ಹೊಂದಿಸಿದ್ದು ಮರುಕ್ಷಣವೇ ಹಳತಾಗುತ್ತದೆ.

ಇಲ್ಲಿ ಸಿಮ್ಯುಲೇಟರಿನ ಒಂದು ಮಿತಿಯನ್ನು ಹೇಳಬೇಕು. ನಿಜವಾದ ಯುದ್ಧವಿಮಾನದಲ್ಲಿ ಪೈಲಟ್ ಕೋಲನ್ನು ಇದ್ದಲ್ಲೇ ಹಿಡಿದುಕೊಂಡು ಹೆಬ್ಬೆರಳಿನಿಂದ ಟ್ರಿಮ್ ಗುಂಡಿಯನ್ನು ಒತ್ತುತ್ತಾನೆ. ಸ್ಪ್ರಿಂಗಿನ ತಟಸ್ಥ ಸ್ಥಾನವೇ ಅವನ ಕೈಯಿದ್ದಲ್ಲಿಗೆ ಸರಿದು ಬರುತ್ತದೆ, ಒತ್ತಡ ಕರಗುತ್ತದೆ. ನಮ್ಮ ಅಗ್ಗದ ಜಾಯ್‌ಸ್ಟಿಕ್ಕಿನ ಸ್ಪ್ರಿಂಗು ಯಾವಾಗಲೂ ನಡುವಿಗೇ ಎಳೆಯುತ್ತದೆ. ಆದ್ದರಿಂದ ಟ್ರಿಮ್ ಒತ್ತಿದಷ್ಟೂ ಕೋಲನ್ನು ಅದೇ ಅಳತೆಯಲ್ಲಿ ನಡುವಿಗೆ ಬಿಡುತ್ತಾ ಬರಬೇಕು. ಒಬ್ಬರು ಒತ್ತುತ್ತಾ ಇನ್ನೊಬ್ಬರು ಬಿಡುತ್ತಾ ಇರುವ ಈ ಕೆಲಸಕ್ಕೆ ಇಬ್ಬರು ಒಪ್ಪಿ ನಡೆಯಬೇಕಾಯಿತು. ಮೊದಲೆರಡು ಜೋಡಿಗಳು ಮೂತಿಯನ್ನು ಕ್ಷಿತಿಜದ ಆಚೀಚೆ ತೂಗಾಡಿಸಿದವು. ಮೂರನೆಯ ಜೋಡಿ ಒಬ್ಬರಿಗೊಬ್ಬರು, "ಒಂದು ಒತ್ತು, ಒಂದು ಬಿಡು" ಎಂದು ಎಣಿಸಿಕೊಳ್ಳುವುದನ್ನು ತಾವೇ ಕಂಡುಹಿಡಿದರು. ಅದು ನನ್ನ ಪಾಠ ಯೋಜನೆಯಲ್ಲಿ ಇರಲಿಲ್ಲ.

ಮೊದಲ ದಿನ ಬೆರಳು ನಡುಗಿದ ಹುಡುಗಿಯೇ ಕೋಲು ಹಿಡಿದಾಗ ಒಂದು ವಿಶೇಷ ನಡೆಯಿತು. ಅವಳ ಜೊತೆಗಾತಿ ಟ್ರಿಮ್ ಮುಗಿಸಿದ್ದಳು, ಕೋಲು ನಡುವಿಗೆ ಬಂದಿತ್ತು, ವಿಮಾನ ಮಟ್ಟವಾಗಿತ್ತು. ಈಗ ಕೈ ಬಿಡು ಎಂದೆ. "ಬಿಟ್ರೆ ಬೀಳುತ್ತೆ ಮಿಸ್" ಎಂದಳು. ಬೆರಳ ಗೆಣ್ಣುಗಳು ಬಿಳಿಚುವಷ್ಟು ಬಿಗಿಯಾಗಿ ಹಿಡಿದಿದ್ದಳು. ಕೈ ಹಿಡಿದು ಬಿಡಿಸಲು ನನಗೆ ಮನಸ್ಸಾಗಲಿಲ್ಲ. ಬೀಳುತ್ತೆ ಅಂತ ಯಾರ್ಯಾರು ಬರೆದಿದ್ದೀರಿ ಎಂದು ತರಗತಿಯನ್ನು ಕೇಳಿದೆ. ಅರ್ಧಕ್ಕಿಂತ ಹೆಚ್ಚು ಕೈಗಳು ಎದ್ದವು. ಹಾಗಾದರೆ ಒಂದೊಂದೇ ಬೆರಳು ಬಿಡು ಎಂದು ಅವಳ ಜೊತೆಗಾತಿ ಹೇಳಿಕೊಟ್ಟಳು. ಕಿರುಬೆರಳು ಮೊದಲು, ಹೆಬ್ಬೆರಳು ಕೊನೆಗೆ. ಅವಳು ಕೈಯನ್ನು ಕೋಲಿನ ಸುತ್ತಲೇ ಹಿಡಿದುಕೊಂಡಿದ್ದಳು, ಆದರೆ ತಾಗಿಸುತ್ತಿರಲಿಲ್ಲ. ವಿಮಾನ ಬೀಳಲಿಲ್ಲ. ಎತ್ತರ ಕೂಗುತ್ತಿದ್ದವನು ಹಲಗೆಯ ಕಡೆ ಕೈ ತೋರಿಸಿದ. ಅವಳು ಹಿಡಿದಿದ್ದಾಗಿನ ಅಂಕಿಗಳು ಮೇಲೆ ಕೆಳಗೆ ಕುಣಿದಿದ್ದವು, ಬಿಟ್ಟ ಮೇಲಿನವು ಹತ್ತಿರ ಹತ್ತಿರ ಬಂದಿದ್ದವು. ಕೈಯ ಬಿಗಿಯೇ ವಿಮಾನವನ್ನು ಅಲುಗಾಡಿಸುತ್ತಿತ್ತು ಎಂಬುದನ್ನು ನಾನು ಬಾಯಲ್ಲಿ ಹೇಳಬೇಕಾಗಲಿಲ್ಲ.

ಬಿಟ್ಟ ಮೇಲೆ ವಿಮಾನ ಕಲ್ಲಿನಂತೆ ನಿಲ್ಲುತ್ತದೆ ಎಂದೂ ಅಲ್ಲ. ಅದು ಬಹಳ ನಿಧಾನವಾಗಿ ಸ್ವಲ್ಪ ಏರುತ್ತದೆ, ಏರುವಾಗ ವೇಗ ಕಳೆದುಕೊಳ್ಳುತ್ತದೆ, ವೇಗ ಕಡಿಮೆಯಾದಾಗ ಮೂತಿ ತಗ್ಗಿಸಿ ಇಳಿಯುತ್ತದೆ, ಇಳಿಯುವಾಗ ವೇಗ ಪಡೆದು ಮತ್ತೆ ಏರುತ್ತದೆ. ಈ ಉದ್ದನೆಯ ಏರಿಳಿತಕ್ಕೆ ಇಂಗ್ಲೆಂಡಿನ ಎಂಜಿನಿಯರ್ ಫ್ರೆಡರಿಕ್ ಲ್ಯಾಂಚೆಸ್ಟರ್ 1908ರಲ್ಲಿ ಪ್ರಕಟಿಸಿದ ಪುಸ್ತಕದಲ್ಲಿ ಫ್ಯೂಗಾಯ್ಡ್ ಎಂಬ ಹೆಸರಿಟ್ಟ. ಸರಳ ಲೆಕ್ಕವೊಂದಿದೆ: ವೇಗವನ್ನು ಸೆಕೆಂಡಿಗೆ ಮೀಟರುಗಳಲ್ಲಿ ಬರೆದು 0.45ರಿಂದ ಗುಣಿಸಿದರೆ ಒಂದು ಏರಿಳಿತದ ಕಾಲ ಸುಮಾರಾಗಿ ಸಿಗುತ್ತದೆ. ಗಂಟೆಗೆ 600 ಕಿಲೋಮೀಟರ್ ಎಂದರೆ ಸೆಕೆಂಡಿಗೆ ಸುಮಾರು 167 ಮೀಟರ್, ಅಂದರೆ ಏರಿಳಿತಕ್ಕೆ ಸುಮಾರು 75 ಸೆಕೆಂಡು. ಒಂದೂಕಾಲು ನಿಮಿಷ ಏನೂ ಮಾಡದೆ ನೋಡುತ್ತಾ ಕೂರುವುದು ಒಂಬತ್ತನೇ ತರಗತಿಗೆ ಕಷ್ಟ. ವಿಮಾನ ಸ್ವಲ್ಪ ಇಳಿದ ಕೂಡಲೇ ಎಲ್ಲರೂ, "ಎಳಿ, ಎಳಿ" ಎಂದು ಕೂಗುತ್ತಿದ್ದರು. ಎಳೆದರೆ ಅಲೆ ದೊಡ್ಡದಾಗುತ್ತಿತ್ತು. ಬಿಟ್ಟರೆ ಅದೇ ತಗ್ಗುತ್ತಾ ಬರುತ್ತಿತ್ತು. ಎರಡನ್ನೂ ಮಾಡಿ ನೋಡಿದೆವು.

ಕೊನೆಯ ಪ್ರಯೋಗ ಎಂಜಿನ್ನಿನದು. ಹೊಂದಿಸಿದ ವಿಮಾನದಲ್ಲಿ ಕೋಲು ಮುಟ್ಟದೆ ಎಂಜಿನ್ನಿನ ಶಕ್ತಿಯನ್ನು ಮಾತ್ರ ಹೆಚ್ಚಿಸಿದರೆ ಏನಾಗುತ್ತದೆ? ಜೋರಾಗಿ ಹೋಗುತ್ತದೆ ಎಂದು ಹೆಚ್ಚುಕಡಿಮೆ ಎಲ್ಲರೂ ಬರೆದಿದ್ದರು. ವಿಮಾನ ಮೊದಲು ಸ್ವಲ್ಪ ವೇಗ ಪಡೆಯಿತು, ನಂತರ ಮೂತಿ ಎತ್ತಿ ಮೇಲೇರತೊಡಗಿತು. ಟ್ರಿಮ್ ಮಾಡುವುದು ಒಂದು ವೇಗಕ್ಕೆ. ಹೆಚ್ಚಿನ ಶಕ್ತಿ ಕೊಟ್ಟರೆ ವಿಮಾನ ಆ ವೇಗದ ಹತ್ತಿರವೇ ಉಳಿದು ಉಳಿಕೆಯನ್ನು ಎತ್ತರಕ್ಕೆ ಖರ್ಚು ಮಾಡುತ್ತದೆ. ಇಲ್ಲಿ ತರಗತಿ ನಿಜಕ್ಕೂ ಸುಮ್ಮನಾಯಿತು. ಬಲ ಹೆಚ್ಚಾದರೆ ವೇಗ ಹೆಚ್ಚಾಗಲೇಬೇಕು ಎಂಬ ಎಣಿಕೆಗೆ ಮೊದಲ ಪೆಟ್ಟು ಬಿದ್ದದ್ದು ಇಲ್ಲಿ. ಅದರ ಮೇಲೆ ನಾಲ್ಕು ಬಲಗಳ ಚಿತ್ರವನ್ನು ಬರೆಸಿ, ವಿಮಾನ ಮತ್ತೆ ಒಂದೇ ವೇಗಕ್ಕೆ ಬಂದು ನೇರ ದಾರಿಯಲ್ಲಿ ಏರುವಾಗಲೂ ಒಟ್ಟು ಬಲ ಸೊನ್ನೆಯೇ ಎಂಬಲ್ಲಿಗೆ ಬಂದೆವು. ಈ ಸಲ ಆ ವಾಕ್ಯವನ್ನು ಹೇಳಿದ್ದು ಮಕ್ಕಳು.

ಅವಧಿ ಮುಗಿದ ಮೇಲೆ ವೀಕ್ಷಣೆಗೆ ಬಂದಿದ್ದ ನಮ್ಮ ಪ್ರಾಧ್ಯಾಪಕರು ಒಂದು ಪ್ರಶ್ನೆ ಕೇಳಿದರು: ಅಳತೆಪಟ್ಟಿ, ನೂಲು, ನಾಣ್ಯಗಳಲ್ಲೇ ಪಾಠ ಮುಗಿಯುತ್ತಿತ್ತಲ್ಲ, ಲ್ಯಾಪ್‌ಟಾಪು ಏಕೆ ಬೇಕಿತ್ತು? ಎಲ್ಲ ಶಾಲೆಯಲ್ಲೂ ಇದನ್ನು ಮಾಡಲಾದೀತೇ? ಇದು ನ್ಯಾಯವಾದ ಪ್ರಶ್ನೆ, ನಾನು ಅದನ್ನು ಹಲವು ದಿನ ಯೋಚಿಸಿದೆ. ಬೆರಳಿಗೆ ಭಾರ ತಿಳಿಯುವುದು ಪಟ್ಟಿಯಲ್ಲೇ, ಸಿಮ್ಯುಲೇಟರಿನಲ್ಲಲ್ಲ. ಬೇರೆ ಏನೂ ಸಿಗದಿದ್ದರೆ ಪಟ್ಟಿಯೊಂದೇ ಸಾಕು ಎಂದು ಧೈರ್ಯವಾಗಿ ಹೇಳುತ್ತೇನೆ. ಆದರೆ ಪಟ್ಟಿಯಲ್ಲಿ ಮಾಡಿದ್ದಕ್ಕೆ ಫಲ ತಕ್ಷಣ ಕಾಣುತ್ತದೆ. ಸಿಮ್ಯುಲೇಟರಿನಲ್ಲಿ ಫಲ ತಡವಾಗಿ ಕಾಣುತ್ತದೆ. ಆ ನಡುವಿನ ಹೊತ್ತಿನಲ್ಲಿ ಕೈ ಹಾಕದೆ ಇರುವುದು ಒಂದು ಕಲಿಕೆ, ಅದಕ್ಕೆ ಅಳತೆಪಟ್ಟಿಯಲ್ಲಿ ಜಾಗವಿಲ್ಲ.

ನಮಗೂ ಅದು ಬೇಕಾದ ಕಲಿಕೆಯೇ. ಸೂಕ್ಷ್ಮ ಬೋಧನೆಯಲ್ಲಿ ಪ್ರಶ್ನೆ ಕೇಳುವ ಕೌಶಲವನ್ನು ಅಭ್ಯಾಸ ಮಾಡುತ್ತೇವೆ, ಪ್ರಶ್ನೆ ಕೇಳಿದ ಮೇಲೆ ಕಾಯುವುದನ್ನು ಅಷ್ಟಾಗಿ ಅಭ್ಯಾಸ ಮಾಡುವುದಿಲ್ಲ. ಮಗು ತಡವರಿಸಿದ ಕೂಡಲೇ ಸುಳಿವು ಕೊಡುತ್ತೇವೆ, ಸುಳಿವಿನ ಹಿಂದೆಯೇ ಅರ್ಧ ಉತ್ತರ ಕೊಡುತ್ತೇವೆ. ಮಕ್ಕಳು ವಿಮಾನಗಳಲ್ಲ, ಹೋಲಿಕೆಯನ್ನು ಹೆಚ್ಚು ದೂರ ಎಳೆಯಬಾರದು. ವಿಮಾನಕ್ಕೆ ಎಲ್ಲಿಗೆ ಹೋಗಬೇಕೆಂಬ ಇಷ್ಟವಿಲ್ಲ, ಮಕ್ಕಳಿಗಿದೆ. ಆದರೂ ನಾವು ಹಿಡಿದ ಬಿಗಿಯಿಂದಲೇ ನಡುಗುತ್ತಿರುವುದನ್ನು ಮಗುವಿನ ಚಂಚಲತೆ ಎಂದು ವೀಕ್ಷಣಾ ಪಟ್ಟಿಯಲ್ಲಿ ಬರೆದುಬಿಡುವ ಸಂಭವವಿದೆ ಎಂಬಷ್ಟು ಎಚ್ಚರಕ್ಕೆ ಈ ಹೋಲಿಕೆ ಸಾಕು. ಆ ಯಾದಗಿರಿಯ ಹುಡುಗ ತಲೆ ತಗ್ಗಿಸಿ ನಿಂತಿದ್ದ ಹೊತ್ತು ಎಷ್ಟು ಸೆಕೆಂಡೋ ಗೊತ್ತಿಲ್ಲ. ಬೇರೆಯವರಿಗೆ ಪ್ರಶ್ನೆ ದಾಟಿಸಿದ್ದರೆ ಬಂಡಿಯ ಮಾತು ತರಗತಿಗೆ ಬರುತ್ತಲೇ ಇರಲಿಲ್ಲ.

ಮುಂದೆ ಈ ಪಾಠವನ್ನು ಮಾಡುವವರಿಗೆ ಮೂರು ಮಾತು. ಸಿಮ್ಯುಲೇಟರು ಎರಡನೇ ದಿನಕ್ಕಿರಲಿ, ಬೆರಳಿಗೆ ಭಾರ ಮೊದಲು ತಿಳಿಯಲಿ. ಊಹೆಯನ್ನು ಪ್ರಯೋಗಕ್ಕೆ ಮುಂಚೆ ನೋಟ್‌ಬುಕ್ಕಿನಲ್ಲಿ ಬರೆಸಿ, ಬರೆಸದಿದ್ದರೆ ಆಮೇಲೆ ಎಲ್ಲರೂ ಮೊದಲೇ ಗೊತ್ತಿತ್ತು ಎನ್ನುತ್ತಾರೆ. ಮೂರನೆಯದು, ಲ್ಯಾಪ್‌ಟಾಪು ಇಲ್ಲದವರೂ ಕೊಡಬಹುದಾದ ಮನೆಗೆಲಸ: ಆಕಾಶ ನೋಡುವುದು. ನಮ್ಮ ಊರಿನ ಹೆಸರಿನಲ್ಲೇ ಗರುಡ ಇದೆ, ಮಾಂಸದಂಗಡಿಗಳ ಮೇಲೆ ಹದ್ದುಗಳು ದಿನವೂ ಸುತ್ತುತ್ತವೆ. ಒಂದು ಹದ್ದನ್ನು ಒಂದು ನಿಮಿಷ ನೋಡಿ, ಅದು ಎಷ್ಟು ಸಲ ರೆಕ್ಕೆ ಬಡಿಯಿತು, ಎಷ್ಟು ಸಲ ಬಾಲ ತಿರುಚಿತು ಎಂದು ಎಣಿಸಿ ತರಲು ಹೇಳಿದ್ದೆ. ರೆಕ್ಕೆಯ ಎಣಿಕೆ ಸೊನ್ನೆಯಾಗಿ, ಬಾಲದ್ದು ಎಣಿಸಲಾಗದೆ ಹಲವರು ಬಂದರು.

ಎರಡನೇ ದಿನ ಪಾಠ ಮುಗಿಯುವ ಹೊತ್ತಿಗೆ ಪ್ರಶ್ನೆಗಳಿವೆಯೇ ಎಂದು ಕೇಳಿದಾಗ ಕಡೆಯ ಬೆಂಚಿನಿಂದ ಕೈ ಎದ್ದಿತು. "ಕೈ ಬಿಟ್ಟ ಮ್ಯಾಲ ಎಷ್ಟೊತ್ತ ಹಂಗ ನಿಲ್ತದ್ರೀ ಮಿಸ್?" ಇಂಧನ ಖರ್ಚಾಗಿ ತೂಕ ಬದಲಾಗುವವರೆಗೆ, ವೇಗ ಬದಲಾಗುವವರೆಗೆ, ಗಾಳಿ ಬದಲಾಗುವವರೆಗೆ ಎಂದೆ. ಅವನು ತಲೆ ಆಡಿಸಿದ. ಬಂಡಿ ಹೊಡೆಯುವವರ ಮನೆಯ ಹುಡುಗನಿಗೆ ಅದು ಹೊಸ ಸುದ್ದಿಯಾಗಿರಲಿಲ್ಲ.

ಅವನ ಅಪ್ಪ ಅಮ್ಮ ಕೆಲಸ ಮಾಡುತ್ತಿರುವ ಕಟ್ಟಡ ಮುಗಿಯುತ್ತಾ ಬಂದಿದೆ. ಆಮೇಲೆ ಊರಿಗೋ, ಬೇರೆ ಸೈಟಿಗೋ ಅವರಿಗೇ ತಿಳಿದಿಲ್ಲ. ಶಿಕ್ಷಣ ಹಕ್ಕು ಕಾಯ್ದೆಯ ರಕ್ಷಣೆ 14 ವರ್ಷಕ್ಕೆ ಮುಗಿಯುತ್ತದೆ. ಒಂಬತ್ತನೇ ತರಗತಿಯ ಮಗು ನಡುವೆ ಬಿಟ್ಟರೆ ಹಿಡಿದು ನಿಲ್ಲಿಸುವ ಕಾನೂನಿಲ್ಲ. ತರಗತಿ ಶಿಕ್ಷಕಿಯವರು ಅವನ ಎಸ್‌ಎಟಿಎಸ್ ಸಂಖ್ಯೆಯನ್ನು ಒಂದು ರಟ್ಟಿನ ಮೇಲೆ ಬರೆದು, ಎಲ್ಲಿಗೆ ಹೋದರೂ ಇದನ್ನು ತೋರಿಸಿ ಸೇರಿಕೊಳ್ಳಬೇಕೆಂದು ಅವನಿಗೂ ಅವನ ತಂದೆಗೂ ಹೇಳಿದ್ದಾರೆ. ನಾನು ತೂಗುಹಾಕಿದ ಅಳತೆಪಟ್ಟಿ, ನೂಲು, ಐದು ನಾಣ್ಯಗಳು ಶಾಲೆಯ ಬೀರುವಿನಲ್ಲಿವೆ. 'ಮುಂಭಾರ, ಹಿಂಭಾರ' ಎಂಬ ಪದಗಳನ್ನು ಹುಡುಗಿಯರು ಚಾರ್ಟಿನ ಮೇಲೆ ಬರೆದು ಗೋಡೆಗೆ ಅಂಟಿಸಿದ್ದಾರೆ. ಇಂಟರ್ನ್‌ಶಿಪ್ಪಿನ ಕೊನೆಯ ವಾರ ಅವನು ಆರು ದಿನವೂ ಬಂದಿದ್ದ.